ರಾಮಸ್ವಾಮಿಯ ಮನೆಯ ಮೂರು ಮೆಟ್ಟಿಲು

ಜೋಗೇಶ್ವರಿ (ಪೂರ್ವ), ಮುಂಬಯಿ
ಶನಿವಾರ, ೧೨-೧೨-೧೯೮೭

ಮುದ್ದಿನ ವನಮಾಲಾಗೆ,

ನಿನ್ನ ತಾಯಿಯ ಒಬ್ಬನೇ ತಮ್ಮನೂ, ಸದ್ಯಕ್ಕೆ ಇಡೀ ಜೋಗೇಶ್ವರಿಯಲ್ಲಿ ಎಲ್ಲರ ಬಾಯಲ್ಲಿರುವ ಮನುಷ್ಯನೂ ಆದ ಕಿಟ್ಟು ಮಾವನ ಆಶೀರ್ವಾದಗಳು. ನಿನ್ನತ್ತೆ ಪುಟ್ಟಲಕ್ಷ್ಮಿ ಕ್ಷೇಮ. ಬಲಗಾಲೊಂದನ್ನು ಬಿಟ್ಟು ನಾನೂ ಕ್ಷೇಮ. ಕಾಲಿನ ಸಂಗತಿ ಆಮೇಲೆ ಹೇಳುತ್ತೇನೆ. ಚಿಕ್ಕ ಪೆಟ್ಟು, ಅಷ್ಟೆ. ನಿನ್ನಮ್ಮನ ಕಿವಿಗೆ ಹಾಕಬೇಡ, ಅವಳು ಮೈಸೂರಿನಿಂದಲೇ ಅಳಲು ಶುರು ಮಾಡುತ್ತಾಳೆ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಸಾಂತಾಕ್ರೂಜಿನ ಕಂಪನಿಯವರು ಟೆಲಿಫೋನ್ ಬೋರ್ಡಿನ ಕೆಲಸಕ್ಕೆ ನಿನ್ನನ್ನು ಆರಿಸಿದ್ದಾರೆ, ಅವರ ವ್ಯಾನು ಮನೆಯ ಗೇಟಿಗೇ ಬರುತ್ತದೆ, ತಿಂಗಳ ಕೊನೆಯೊಳಗೆ ನೀನು ಒಪ್ಪಿಗೆ ಬರೆಯಬೇಕು. ಇಷ್ಟಾದ ಮೇಲೆ ಮಾವನ ಮನೆ ಇರುವಾಗ ಯೋಚನೆ ಏನು ಅಂತ ನಾನಂದುಕೊಂಡರೆ, ನೀನು ಬರೆದದ್ದು ಹೀಗೆ: ‘ನಿಮ್ಮೊಬ್ಬರ ಮನೆಗೆ ಮಾತ್ರ ನನ್ನ ಗಾಲಿ ಕುರ್ಚಿ ಹತ್ತುವುದಾದರೆ ನಾನು ಬರುವುದಿಲ್ಲ ಮಾವ. ಒಂದೇ ಮನೆಯೊಳಗೆ ಇರುವುದಕ್ಕೆ ಮೈಸೂರೇ ಸಾಕು. ಅಕ್ಕಪಕ್ಕದವರ ಮನೆಗೂ ನಾನೇ ಹೋಗಿ ಕೂತು ಬರುವಂತಿದ್ದರೆ ತಿಳಿಸಿ.’ ಮೊದಲು ಸಿಟ್ಟು ಬಂತು. ಆಮೇಲೆ ಕಳೆದ ಸಂಕ್ರಾಂತಿ ನೆನಪಾಯಿತು.

ಆಗ ನಾವಿನ್ನೂ ಆಂಟಾಪ್ ಹಿಲ್ಲಿನ ಕಾಲೊನಿಯಲ್ಲಿದ್ದೆವು. ನೀನು ಹಸಿರು ಸೀರೆ ಉಟ್ಟು, ತೊಡೆಯ ಮೇಲೆ ಎಳ್ಳು-ಬೆಲ್ಲದ ತಟ್ಟೆ ಇಟ್ಟುಕೊಂಡು ಎಳ್ಳು ಬೀರಲು ಹೊರಟೆ. ಪ್ರತಿ ಮನೆಯ ಮೆಟ್ಟಿಲಲ್ಲೂ ನಿನ್ನನ್ನು ಹೂವಿನ ಬುಟ್ಟಿಯಂತೆ ಎತ್ತಿಕೊಂಡು ಹೋದವನು ನಾನು. ಅಂಥ ತೋಳು ಇನ್ನೊಂದಿದೆಯೇ? ನೀನು ಮಾತ್ರ ಮುಖ ಬಿಗಿದುಕೊಂಡೇ ಇದ್ದೆ. ಯಾರು ಕಾಫಿ ಕೊಟ್ಟರೂ ಬೇಡ ಅಂದೆ. ‘ಮೈಸೂರಿನವಳಿಗೆ ನಮ್ಮ ಕಾಫಿ ಸೇರಲ್ಲ, ಸೊಕ್ಕು’ ಅಂತ ನಿನ್ನತ್ತೆ ಅಂದದ್ದು ಈಗ ಹೇಳಿದರೆ ತಪ್ಪಿಲ್ಲ. ಕೊನೆಗೆ ರಾಮಸ್ವಾಮಿಯ ಮನೆಯ ಮುಂದೆ, ‘ಸಾಕು ಮಾವ, ಇನ್ನು ಎತ್ತಬೇಡಿ’ ಅಂದುಬಿಟ್ಟೆ. ರಾಮಸ್ವಾಮಿಯ ಹೆಂಡತಿ ಗೇಟಿಗೇ ಬಂದು ಎಳ್ಳು ತೆಗೆದುಕೊಂಡು, ಅಲ್ಲೇ ಕುಂಕುಮ ಕೊಟ್ಟು ಒಳಗೆ ಹೋದಳು.

ಆಂಟಾಪ್ ಹಿಲ್ಲಿನ ಅದೇ ಒಂಬತ್ತು ಸಂಸಾರ ಈಗ ಇಲ್ಲಿ ಸೊಸೈಟಿ ಮಾಡಿಕೊಂಡು ತಲೆಗೊಂದು ಮನೆ ಕಟ್ಟಿಸುತ್ತಿದೆ. ನನ್ನದೂ ಛೇರ್ಮನ್ ರಾಮಸ್ವಾಮಿಯದೂ ಮುಗಿದಿವೆ. ಉಳಿದ ಏಳು ಮನೆಗಳು ಪಾಯದಲ್ಲಿವೆ. ಗೋಡೆ ಎದ್ದ ಮೇಲೆ ಯಾರೂ ಒಡೆಯುವುದಿಲ್ಲ, ನಿಯಮ ಮಾಡುವುದಾದರೆ ಈಗಲೇ ಮಾಡಬೇಕು. ಕೂಲಿಮಠದಲ್ಲಿ ಓದಿದ ನಿನ್ನ ಮಾವ ವಕೀಲರ ಸಹಾಯವಿಲ್ಲದೆ ನಿಯಮ ಬರೆದ: ಇನ್ನು ಕಟ್ಟುವ ಪ್ರತಿ ಮನೆಗೂ ಗೇಟಿನಿಂದ ಹಾಲಿನವರೆಗೆ ಮೆಟ್ಟಿಲಿಲ್ಲದ ಒಂದು ದಾರಿ ಇರಬೇಕು, ಮುಂಬಾಗಿಲಿಗೆ ಎತ್ತರದ ಹೊಸಿಲು ಕೂಡದು, ಬಚ್ಚಲ ಬಾಗಿಲು ಗಾಲಿ ಕುರ್ಚಿ ನುಗ್ಗುವಷ್ಟು ಅಗಲವಿರಬೇಕು. ನಿನ್ನ ಕಾಗದದಲ್ಲಿ ಬಚ್ಚಲಿನ ಮಾತಿಗೆ ನೀನು ಅಡಿಗೆರೆ ಎಳೆದಿದ್ದೆ. ಹತ್ತು ನಿಮಿಷ ಅರಿಸಿನ ಕುಂಕುಮಕ್ಕೆ ಹೋಗುವವಳಿಗೆ ಅವರ ಬಚ್ಚಲು ಯಾಕೆ ಅಂತ ನನಗೆ ಹೊಳೆಯಲಿಲ್ಲ. ನೀನು ಹೇಳಿದೆ ಅಂತ ಸೇರಿಸಿದೆ.

ರಾಮಸ್ವಾಮಿ ರೈಲ್ವೆಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದವನು, ಕೆಮ್ಮಿದರೂ ಇಂಗ್ಲಿಷಿನಲ್ಲೇ ಕೆಮ್ಮುತ್ತಾನೆ. ನನ್ನ ನಿಯಮ ಓದಿ, ‘ಅಲ್ಲಯ್ಯ ಕಿಟ್ಟು, ಜಾಗ ಅವರದು, ದುಡ್ಡು ಅವರದು. ಅವರ ಬಾಗಿಲಿಗೆ ಮೆಟ್ಟಿಲು ಇರಬೇಕೋ ಬೇಡವೋ ಅಂತ ನಿನ್ನ ಅಕ್ಕನ ಮಗಳು ಮೈಸೂರಿಂದ ಹೇಳಬೇಕೇನು? ನಿನ್ನ ಮನೆಗೆ ಏನು ಬೇಕಾದ್ರೂ ಮಾಡ್ಕೊ, ಬೇಡ ಅಂದೋರ್ಯಾರು’ ಅಂದ. ‘ಮೋರಿ ಎಲ್ಲಿ ಹರೀಬೇಕು, ಕಾಂಪೌಂಡು ಎಷ್ಟೆತ್ತರ ಅಂತ ಸೊಸೈಟಿಯೇ ಹೇಳ್ತಲ್ಲ, ಆಗ ಯಾರೂ ನನ್ನ ಜಾಗ ಅನ್ನಲಿಲ್ಲ’ ಅಂತ ನಾನು ತಿರುಗೇಟು ಕೊಟ್ಟೆ. ಅವನಿಗೆ ಆ ಹೊತ್ತು ಕೆಮ್ಮು ಮಾತ್ರ ಬಂತು.

ಆದರೆ ದೊಡ್ಡ ಎದುರಾಳಿ ನನ್ನ ಮನೆಯೊಳಗೇ ಇದ್ದಳು. ದಿನಾ ಬೆಳಿಗ್ಗೆ ಹೊಸಿಲು ತೊಳೆದು ಅರಿಸಿನ ಹಚ್ಚಿ ರಂಗೋಲಿ ಎಳೆಯದೆ ನಿನ್ನತ್ತೆ ಒಲೆ ಹಚ್ಚಿದವಳಲ್ಲ. ‘ಹೊಸಿಲಿಲ್ಲದ ಮನೆಗೂ ರೈಲ್ವೆ ಸ್ಟೇಶನ್ನಿಗೂ ಏನು ವ್ಯತ್ಯಾಸ? ಲಕ್ಷ್ಮಿ ಎಲ್ಲಿ ನಿಂತು ಒಳಗೆ ಬರಬೇಕು?’ ಅಂತ ಕೇಳಿದಳು. ವನು ಎಲ್ಲಿಂದ ಒಳಗೆ ಬರಬೇಕು ಅಂತ ನಾನು ಕೇಳಿದೆ. ಅವಳು ಅಡಿಗೆಮನೆಗೆ ಹೋಗಿ ಪಾತ್ರೆಗಳ ಜೊತೆ ಮಾತಾಡಿದಳು. ರಾಮಸ್ವಾಮಿಯ ಹೆಂಡತಿಯ ಮುಂದೆಯೂ ಇದನ್ನೇ ಹೇಳಿ ಬಂದಿದ್ದಾಳೆ.

ಇನ್ನು ಕಾಲಿನ ಸಂಗತಿ. ಹೋದ ಭಾನುವಾರ ಎಲ್ಲ ಮೆಂಬರುಗಳನ್ನೂ ಕರೆದು, ಕೇಸರಿಭಾತು ತಿನ್ನಿಸಿ, ನನ್ನ ಮನೆಯ ಇಳಿಜಾರು ತೋರಿಸಿದೆ. ಉದ್ದಕ್ಕೆ ಮಾಡಿಸಿ, ಮೇಲ್ಮೈ ಒರಟಾಗಿರಲಿ ಅಂತ ನೀನು ಬರೆದದ್ದು ನಿಜ. ಆದರೆ ಉದ್ದ ಮಾಡಿದರೆ ನಿನ್ನತ್ತೆಯ ತುಳಸಿಕಟ್ಟೆ ಅಡ್ಡ ಬರುತ್ತಿತ್ತು, ಮೇಲಾಗಿ ಇಷ್ಟು ಚೆಂದದ ಕೆಲಸ ಒರಟಾಗಿದ್ದರೆ ಯಾರು ನೋಡುತ್ತಾರೆ? ಗಿಡ್ಡಕ್ಕೆ ಮಾಡಿಸಿ, ಕೆಂಪು ಗಾರೆ ಹಾಕಿಸಿ, ಮುಖ ಕಾಣುವಂತೆ ಪಾಲಿಶ್ ಹೊಡೆಸಿದ್ದೆ. ನಮ್ಮ ಪಕ್ಷದ ಮೋನಪ್ಪ, ಸಾಂತಾಕ್ರೂಜಿನ ಹೋಟೆಲಿನವನು, ಯಾವುದೋ ದವಾಖಾನೆಯಿಂದ ಗಾಲಿ ಕುರ್ಚಿ ತಂದಿದ್ದ. ನಾನೇ ಕೂತು, ಮೀಸೆ ತಿರುವಿ, ಎಲ್ಲರಿಗೂ ನಮಸ್ಕಾರ ಮಾಡುತ್ತ ಇಳಿದೆ. ನಮಸ್ಕಾರಕ್ಕೆ ಎರಡು ಕೈ ಬೇಕು ನೋಡು. ಬ್ರೇಕು ಹಿಡಿಯಲು ಕೈ ಉಳಿಯಲಿಲ್ಲ. ಕುರ್ಚಿ ವಿರಾರ್ ಫಾಸ್ಟ್ ರೈಲಿನಂತೆ ಹೊರಟು ಗೇಟು ದಾಟಿ ಜಲ್ಲಿಯ ರಾಶಿಗೆ ನುಗ್ಗಿತು.

ರಾಮಸ್ವಾಮಿ ನನ್ನನ್ನು ಎತ್ತುವ ಮೊದಲೇ ಎಲ್ಲರ ಕಡೆ ತಿರುಗಿ, ‘ಗಟ್ಟಿಮುಟ್ಟಾದವನ ಗತಿಯೇ ಇದು. ಆ ಹುಡುಗಿ ಬಿದ್ದರೆ ಸೊಸೈಟಿ ತಾನೇ ಉತ್ತರ ಹೇಳಬೇಕು?’ ಅಂದ. ನಮ್ಮ ಕಡೆ ಇದ್ದ ಮುಖಗಳೂ ಬಾಡಿದವು.

ನಾಳೆ ಸಭೆ. ಒಂಬತ್ತು ವೋಟಿನಲ್ಲಿ ನನ್ನದೂ ಮೋನಪ್ಪನದೂ ಸೇರಿ ನಮಗೆ ಐದು, ಅವರಿಗೆ ನಾಲ್ಕು. ಸಮಸಮ ಆದರೆ ಛೇರ್ಮನ್ನಿನ ಮಾತೇ ಕೊನೆಯದು. ಯಾವಾಗಲೂ ಸಭೆ ನಡೆಯುತ್ತಿದ್ದದ್ದು ನಮ್ಮ ಹಾಲಿನಲ್ಲಿ. ಈ ಸಲ ರಾಮಸ್ವಾಮಿ, ‘ಕಿಟ್ಟುವಿಗೆ ವಿಶ್ರಾಂತಿ ಬೇಕು, ತೊಂದರೆ ಕೊಡುವುದು ಬೇಡ’ ಅಂತ ತನ್ನ ಮನೆಗೆ ಕರೆದಿದ್ದಾನೆ. ಅವನ ಬಾಗಿಲಿಗೆ ಕಡಪಾ ಕಲ್ಲಿನ ಮೂರು ಮೆಟ್ಟಿಲಿವೆ. ನಾನು ಕೂತಿರುವುದು ಅದೇ ದವಾಖಾನೆಯ ಕುರ್ಚಿಯಲ್ಲಿ. ಕಾಗದ ಇಲ್ಲಿಗೆ ನಿಲ್ಲಿಸುತ್ತೇನೆ. ಗೆಲ್ಲುತ್ತೇನೆ ಅಂತ ಈಗಲೇ ಬರೆದುಬಿಡಬಹುದಿತ್ತು, ಯಾಕೋ ಪೆನ್ನು ಓಡಲಿಲ್ಲ.

ಭಾನುವಾರ, ಸಂಜೆ

ಮುಂದೆ ಕೇಳು. ಮೋನಪ್ಪ ನನ್ನನ್ನು ರಾಮಸ್ವಾಮಿಯ ಮೆಟ್ಟಿಲಿನವರೆಗೆ ತಳ್ಳಿಕೊಂಡು ಬಂದ. ನಿನ್ನತ್ತೆ ಹಿಂದೆ ಬಂದು, ನನ್ನ ಕಡೆ ನೋಡದೆ ಒಳಗೆ ಹೋಗಿ ಹೆಂಗಸರ ಜೊತೆ ಕೂತಳು. ನಾಲ್ಕು ಜನ ನನ್ನನ್ನು ಎತ್ತಲು ಬಂದರು. ಆಗ ನಾನು ಗರ್ಜಿಸಿದೆ: ‘ಗಾಲಿಗೆ ದಾರಿ ಕೇಳೋಕೆ ಬಂದವನು ಹೆಗಲ ಮೇಲೆ ಕೂತು ಒಳಗೆ ಹೋಗಲೇ? ಮುಟ್ಟಬೇಡಿ!’ ಬೀದಿಯೇ ನಿಂತು ಕೇಳಿತು.

ಹಾಗೆ ಅಂಗಳದಲ್ಲಿ, ಕಿಟಕಿಯ ಕೆಳಗೆ ಉಳಿದೆ. ಒಳಗಿನ ಮಾತು ಅರ್ಧ ಕೇಳಿಸುತ್ತಿತ್ತು. ರಾಮಸ್ವಾಮಿಯ ಹೆಂಡತಿ ಕಿಟಕಿಯ ಸರಳಿನ ನಡುವೆ ಕಾಫಿ ಲೋಟ ಚಾಚಿದಳು. ವೈರಿಯ ಮನೆಯ ಕಾಫಿ! ಬೇಡ ಅಂದೆ. ನಿನ್ನತ್ತೆ ಕಿಟಕಿಗೆ ಬಂದು, ‘ಯಾಕೆ? ಬಿಸಿಯಾಗಿದೆ, ಕುಡೀರಿ’ ಅಂದಳು. ಮತ್ತೂ ಬೇಡ ಅಂದೆ. ಸ್ವಾಭಿಮಾನ ಅಂದರೆ ಅದು.

ವೋಟಿಗೆ ಬಂತು. ನಾನು ಹೊರಗಿನಿಂದ ಕೈ ಎತ್ತಿ ಹಿಡಿದೆ. ರಾಮಸ್ವಾಮಿ ಕಿಟಕಿಯ ಕಡೆ ನೋಡಿಯೂ ನೋಡದೆ, ‘ಸಭೆ ಇರೋದು ಹಾಲಿನಲ್ಲಿ. ಹಾಲಿನಲ್ಲಿ ಇಲ್ಲದ ಮೆಂಬರು ಹಾಜರಿಲ್ಲ. ಪರ ನಾಲ್ಕು, ವಿರುದ್ಧ ನಾಲ್ಕು, ಇನ್ನು ಛೇರ್ಮನ್...’ ಅಂದ. ನನ್ನ ಕೈ ಮೇಲೆಯೇ ಇತ್ತು. ಇಳಿಸಲು ಮರೆತುಹೋಗಿತ್ತು.

ಅಷ್ಟರಲ್ಲಿ ಮೋನಪ್ಪನ ದನಿ ಕೇಳಿತು: ‘ಎಂಥದು ಮಾರಾಯ್ರೆ! ಅವರು ಹಾಜರಿಲ್ಲ ಅಂತ ನೀವೇ ಹೇಳಿದಿರಲ್ಲ? ಮನೆ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಉಂಟು. ಗಂಡ ಇಲ್ಲದಿದ್ದರೆ ಹೆಂಡತಿದು ವೋಟು. ಅವರು ಇಲ್ಲಿಯೇ ಕೂತಿದ್ದಾರಲ್ಲ.’ ರಾಮಸ್ವಾಮಿ ನಕ್ಕ. ಅವನಿಗೆ ನಿನ್ನತ್ತೆಯ ಹೊಸಿಲಿನ ಕಥೆ ಗೊತ್ತು. ‘ಧಾರಾಳವಾಗಿ. ಕೇಳೇ ಬಿಡೋಣ. ಪುಟ್ಟಲಕ್ಷ್ಮಮ್ಮನವರೇ, ಹೊಸಿಲು ಬೇಡ ಅಂತೀರಾ, ಬೇಕು ಅಂತೀರಾ?’

ನನಗೆ ಕಿಟಕಿಯಲ್ಲಿ ಕಾಣುತ್ತಿದ್ದದ್ದು ರಾಮಸ್ವಾಮಿಯ ಬೆನ್ನು ಮಾತ್ರ. ಆ ಬೆನ್ನಿನ ಪಕ್ಕದಲ್ಲಿ ಹಸಿರು ಬಳೆಯ ಕೈಯೊಂದು ಮೇಲೆ ಹೋಯಿತು. ಯಾವ ಕಡೆಗೆ ಅಂತ ನನಗೆ ತಿಳಿಯಲಿಲ್ಲ. ಆಮೇಲೆ ರಾಮಸ್ವಾಮಿ ಕೆಮ್ಮಿದ. ಮೋನಪ್ಪ ಚಪ್ಪಲಿ ಇಲ್ಲದೆ ಮೆಟ್ಟಿಲು ಹಾರಿ ಅಂಗಳಕ್ಕೆ ಬಂದು ನನ್ನನ್ನು ಕುರ್ಚಿಯ ಸಮೇತ ಗಿರ್ರನೆ ತಿರುಗಿಸಿದ.

ಗೆದ್ದೆವು ಕಣೇ! ಏಳು ಮನೆಗೂ ನಿಯಮ ಗಟ್ಟಿ. ಅಂಗಳದಿಂದ ನಾನು ಹೊಡೆದ ಗರ್ಜನೆಯೇ ನಿನ್ನತ್ತೆಯ ಮನಸ್ಸು ತಿರುಗಿಸಿದ್ದು, ಅನುಮಾನವೇ ಬೇಡ. ಇಳಿಜಾರನ್ನು ನೀನು ಹೇಳಿದ ಹಾಗೇ ಮತ್ತೆ ಮಾಡಿಸುತ್ತೇನೆ. ಕಂಪನಿಗೆ ಒಪ್ಪಿಗೆ ಬರೆದು ನನಗೊಂದು ತಂತಿ ಕೊಡು. ದಾದರ್ ಸ್ಟೇಶನ್ನಿಗೆ ನಾನೇ ಬರುತ್ತೇನೆ, ಎತ್ತುವುದಕ್ಕಲ್ಲ, ಸುಮ್ಮನೆ ಜೊತೆಗೆ.

ಇಂತಿ,
ಸೋತು ಗೊತ್ತಿಲ್ಲದ ನಿನ್ನ ಸೋದರಮಾವ,
ಕಿಟ್ಟು

ಮರೆತ ಮಾತು: ವನು, ಇದು ನಿನ್ನತ್ತೆಯ ಅಕ್ಷರ. ಲಕೋಟೆ ಅಂಟಿಸಲು ನನ್ನ ಕೈಗೆ ಕೊಟ್ಟರು, ಓದಿದೆ. ಕಾಲು ಮುರಿದಿದೆ, ತೊಡೆಯವರೆಗೆ ಪ್ಲಾಸ್ಟರ್ ಇದೆ. ಗರ್ಜನೆ ಗಿರ್ಜನೆ ಏನೂ ಇಲ್ಲ. ಎರಡನೇ ಮೆಟ್ಟಿಲಿನವರೆಗೆ ಎತ್ತಿಸಿಕೊಂಡರು. ಕುರ್ಚಿ ವಾಲಿದಾಗ ಮೋನಪ್ಪನ ಅಂಗಿ ಹಿಡಿದುಕೊಂಡು ‘ಇಳಿಸ್ರಪ್ಪಾ’ ಅಂದರು, ಎಷ್ಟು ಮೆಲ್ಲಗೆ ಅಂದರೆ ನನಗೇ ಸರಿಯಾಗಿ ಕೇಳಿಸಲಿಲ್ಲ. ಆ ಗರ್ಜನೆಯ ಮಾತು ಹೊಳೆದದ್ದು ಮನೆಗೆ ಬಂದ ಮೇಲೆ, ಕೇಳಿದವಳು ನಾನೊಬ್ಬಳೇ.

ನಿನ್ನ ಮಾವ ಕಾಫಿ ಬೇಡ ಅಂದದ್ದನ್ನು ಮದುವೆಯಾದಂದಿನಿಂದ ನಾನು ಕಂಡಿಲ್ಲ. ಮೈ ಬಿಸಿ ಇದೆಯೇನೋ ಅಂತ ಕಿಟಕಿಗೆ ಹೋಗಿ ಮತ್ತೆ ಕೇಳಿದೆ. ಅವರು ನನ್ನನ್ನು ಹತ್ತಿರ ಕರೆದು, ‘ಕುಡಿದರೆ ಬಚ್ಚಲಿಗೆ ಹೋಗಬೇಕಾಗುತ್ತೆ ಕಣೇ. ಎಲ್ಲಿಗೆ ಹೋಗಲಿ?’ ಅಂದರು. ಆಗ ನನಗೆ ಆಂಟಾಪ್ ಹಿಲ್ಲಿನ ಆ ಮನೆಗಳೆಲ್ಲ ಕಣ್ಣಮುಂದೆ ಬಂದವು. ನೀನು ಬೇಡ ಅಂದ ಲೋಟಗಳೆಲ್ಲ ಬಂದವು. ನಾನು ಅದಕ್ಕೆ ಸೊಕ್ಕು ಅಂತ ಹೆಸರಿಟ್ಟಿದ್ದೆ. ಹಾಗೆ ಎದ್ದಿತು ನನ್ನ ಕೈ.

ತುಳಸಿಕಟ್ಟೆ ಪಕ್ಕಕ್ಕೆ ಹೋಗಲಿ ಅಂತ ಮೇಸ್ತ್ರಿಗೆ ಹೇಳಿ ಕಳಿಸಿದ್ದೇನೆ. ಹೊಸಿಲನ್ನು ಬಿಡಲು ಮಾತ್ರ ನನ್ನಿಂದಾಗದು. ಅದೇ ಮರವನ್ನು ನೆಲದ ಸಮಕ್ಕೆ ಇಳಿಸಿ ಕೂರಿಸಲು ಹೇಳಿದ್ದೇನೆ. ಅರಿಸಿನ ಹಚ್ಚುವುದು, ರಂಗೋಲಿ ಎಳೆಯುವುದು ಎಲ್ಲ ಅದರ ಮೇಲೆಯೇ. ನೀನು ಹಿಂದೆ ಮುಂದೆ ನೋಡದೆ ದಾಟಿಕೊಂಡು ಬಾ. ಹೊಸಿಲನ್ನು ಕಾಲಿನಿಂದ ತುಳಿಯಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದಾಳೆ. ಗಾಲಿಯ ಮಾತು ಅವಳು ಏನೂ ಹೇಳಿಲ್ಲ.

— ಪುಟ್ಟಲಕ್ಷ್ಮಿ