ಕೊಯ್ಯದೆ ಉಳಿಸಿದ ಸ್ವೀಟ್ ಪೀ

ಮನೆಯಿಂದ,
ಜೂನ್ ೧೧, ಭಾನುವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಮನೆಯಲ್ಲಿ ಕೂಗುವ ಹಾಗೇ ಬರೆದಿದ್ದೇನೆ, ನಗಬೇಡ. ಹೇಗಿದ್ದೀಯ? ನಿನ್ನ ಅಕ್ಕನ ಕಾಲಿನ ಕಟ್ಟು ಬಿಚ್ಚಿದರೇ? ಗೋಡೆ ಹಿಡಿದು ನಡೆಯುತ್ತಿದ್ದಾರೆ ಎಂದು ನಮ್ಮ ಮಗಳು ಫೋನಿನಲ್ಲಿ ಹೇಳಿದಳು. ಅವರನ್ನು ಎತ್ತಿ ಕೂರಿಸಲು ಹೋಗಿ ನಿನ್ನ ಸೊಂಟ ಹಿಡಿಸಿಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ. ಅಂಗಡಿಯಲ್ಲಿ ಶಾಲೆ ಸಮವಸ್ತ್ರದ ಹೊಲಿಗೆ ರಾಶಿ ಬಿದ್ದಿದೆ. ಮನೆಗೆ ಬಂದರೆ ಮಾತಾಡಲು ಯಾರೂ ಇಲ್ಲ. ಬೀಗ ತೆಗೆಯುವಾಗ ಈಗಲೂ ಒಮ್ಮೆ ಕೆಮ್ಮಿಯೇ ಒಳಗೆ ಹೋಗುತ್ತೇನೆ, ಹುಚ್ಚನ ಹಾಗೆ.

ನೀನು ಹೊರಟ ದಿನ, "ಹೋಗೋದಾದ್ರೆ ಹೋಗು, ನನಗೇನು ಕೈಕಾಲಿಲ್ವಾ?" ಅಂದುಬಿಟ್ಟೆ. ನೀನು ಬಾಗಿಲಲ್ಲಿ ನಿಂತು, "ಬಾ ಅಂತ ನೀವೇ ಬರೆಯೋವರೆಗೂ ಬರಲ್ಲ. ಸ್ವೀಟ್ ಪೀ ಹೂ ಮಾತ್ರ ಬಿಟ್ಟ ಹಾಗೆಲ್ಲ ಕುಯ್ತಾ ಇರಿ" ಎಂದು ಹೇಳಿ ಹೋದೆ. ಮೂರು ತಿಂಗಳಾಯಿತು. ಆ ಒಂದಕ್ಷರ ಬರೆಯಲು ನನ್ನ ಹಾಳು ಬಿಂಕ ಬಿಡಲಿಲ್ಲ.

ನಿನ್ನ ಸ್ವೀಟ್ ಪೀ ಬಳ್ಳಿಯ ಸುದ್ದಿ ಕೇಳು. ಅಡುಗೆಮನೆ ಕಿಟಕಿಗೆ ಅಂಗಡಿಯ ದಾರ ಕಟ್ಟಿಕೊಟ್ಟೆ, ಸರಸರ ಹತ್ತಿತು. ಮೊದಲು ಬಂದ ಹೂವಿನ ತೊಟ್ಟಿಗೆ ಟೇಪು ಹಿಡಿದೆ: ಹನ್ನೆರಡು ಇಂಚು, ತುದಿಯಲ್ಲಿ ನಾಲ್ಕು ಹೂ. ಅರಳಿದಾಗ ಕಡುಗೆಂಪು, ಮರುದಿನ ನೇರಳೆ, ಬಾಡುವ ಹೊತ್ತಿಗೆ ನೀಲಿ. ಬಟ್ಟೆಯಾಗಿದ್ದರೆ ಬಣ್ಣ ಬಿಡುತ್ತದೆಂದು ಗಿರಾಕಿ ನನ್ನ ಮುಖಕ್ಕೇ ಎಸೆಯುತ್ತಿದ್ದ. ಪರಿಮಳವೋ, ಅಡುಗೆಮನೆ ತುಂಬ. ಬಿಸಿಲು ಏರಿದಂತೆ ತೊಟ್ಟು ಎಂಟು ಇಂಚಿಗೆ ಇಳಿಯಿತು, ತುದಿಯಲ್ಲಿ ಎರಡೇ ಹೂ. ಆದರೂ ಬಿಡುತ್ತಲೇ ಇದೆ. ನೀನೇನೂ ಅವಸರ ಮಾಡಬೇಡ. ಅಕ್ಕನಿಗೆ ನನ್ನ ನಮಸ್ಕಾರ ಹೇಳು, ಹೊತ್ತಿಗೆ ಸರಿಯಾಗಿ ಊಟ ಮಾಡು.

ನೀನು "ರೀ" ಎಂದು ಕೂಗುವವನು

ಮರೆತಿದ್ದೆ: ಹೂ ಬಿಡುತ್ತಲೇ ಇದೆ ಎಂದದ್ದು ಸುಳ್ಳು. ನೀನು ಹಾಕಿದ ಬಳ್ಳಿ, ನೀನು ನೋಡುವ ಮೊದಲೇ ಕೊಯ್ಯಲು ಮನಸ್ಸು ಬರಲಿಲ್ಲ. ಒಂದನ್ನೂ ಮುಟ್ಟದೆ ನಿನಗೆಂದು ಉಳಿಸಿದೆ. ಎಲ್ಲವೂ ಕಾಯಿ ಕಟ್ಟಿದವು. ಪಕ್ಕದ ಮನೆ ನರ್ಸಮ್ಮ ನೋಡಿ, "ಅಯ್ಯೋ, ಕಾಯಾದ ಮೇಲೆ ಬಳ್ಳಿ ಇನ್ಯಾಕೆ ಹೂ ಬಿಡುತ್ತೆ? ಕುಯ್ದಷ್ಟೂ ಬರ್ತಿತ್ತಲ್ಲ!" ಎಂದು ತಲೆ ಚಚ್ಚಿಕೊಂಡರು. ಈಗ ಉಳಿದಿರುವುದು ಒಂದೇ ಹೂ, ಮೂರಿಂಚಿನ ತೊಟ್ಟು, ಇವತ್ತು ಕೆಂಪಗಿದೆ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಅದೂ ನೀಲಿಯಾಗಿ ಉದುರಿರುತ್ತದೆ. ಆದರೂ ಬಾ.