ನೆಲ ಸೋಕದ ಪಾದ

ಕೊಪ್ಪ
ತಾ. ೧೯-೧೧-೧೯೪೪

ಚಿ. ಸೌ. ಮರಿತಾಯಮ್ಮನಿಗೆ ನಿನ್ನ ಅಕ್ಕ ಶಿವನಂಜಮ್ಮ ಮಾಡುವ ಆಶೀರ್ವಾದಗಳು.

ನಿನಗೆ ಗಂಡುಮಗುವಾದ ಸುದ್ದಿಯ ಕಾಗದ ಹಲಗೂರಿನಿಂದ ಬಂದು ತಿಂಗಳಾಗುತ್ತಾ ಬಂತು. ಅಕ್ಕನಿಗೆ ಒಂದು ಸಾಲು ಬರೆಯಲು ಪುರುಸೊತ್ತಿಲ್ಲವೇ ಎಂದು ಬೈದುಕೊಂಡಿರುತ್ತೀಯ, ಬೈದುಕೋ. ಸೀಮೆಎಣ್ಣೆ ಸಿಗುತ್ತಿಲ್ಲ, ಕೊಯ್ಲಿನ ಕೆಲಸ ಎಂದು ನೆಪ ಹೇಳಬಹುದು. ಆದರೆ ನಿಜವಾಗಿ ಬರೆಯಲು ಕೂತಾಗಲೆಲ್ಲ ಹರಿದುಹಾಕಿದ್ದೇನೆ. ಎರಡು ಕೂಸು ಕಳೆದುಕೊಂಡ ಮೇಲೆ ನಿನ್ನ ಮಡಿಲು ತುಂಬಿದೆ. ಹೊಟ್ಟೆ ತುಂಬ ಸಂತೋಷಪಡುವುದು ಬಿಟ್ಟು ಹೀಗೆ ಬರೆಯಬೇಕಾಗಿ ಬಂತಲ್ಲ ಎಂಬ ಸಂಕಟ ನನಗೆ.

ಇಲ್ಲಿ ಭತ್ತ ಚೆನ್ನಾಗಿದೆ. ಕಪ್ಪು ಹಸು ಈದಿದೆ. ಕರು ಮೈಮೇಲಿನ ಪಸೆ ಆರುವ ಮೊದಲೇ ಎದ್ದಿತು, ಬಿದ್ದಿತು, ಮತ್ತೆ ಎದ್ದು ನಿಂತಿತು. ಅದನ್ನು ನೋಡಿ ನಾನು ಕೊಟ್ಟಿಗೆಯಲ್ಲೇ ಅತ್ತುಬಿಟ್ಟೆ. "ಕರ ಉಟ್ಟುದ್ರೆ ಯಾರಾರ ಅಳ್ತಾರೇನವ್ವ? ನಿಂಗೇನು ಬಂದದೆ?" ಎಂದರು ನಮ್ಮತ್ತೆ.

ನೀನು ಬರೆದಿದ್ದೆಯಲ್ಲ, "ನಿನ್ನ ಮಗಳು ಪಟ್ಟಲಮ್ಮ ಉಳಿಯಲೆಂದು ನೀವು ಹೊತ್ತ ಹರಕೆಯನ್ನೇ ನಾವೂ ಹೊತ್ತಿದ್ದೇವೆ, ಅಮ್ಮನ ಗುಡಿಯಲ್ಲಿ ಮುಡಿ ಕೊಡುವ ತನಕ ಕೂಸನ್ನು ನೆಲ ಮುಟ್ಟಿಸುವುದಿಲ್ಲ" ಎಂದು. ಆ ಸಾಲಿಗಾಗಿಯೇ ಈ ಕಾಗದ.

ನಮ್ಮ ಮನೆಯಲ್ಲಿ ಆ ಹರಕೆ ಹೇಗೆ ನಡೆಯಿತೆಂದು ನಿನಗೆ ಪೂರ್ತಿ ಗೊತ್ತಿಲ್ಲ, ಆಗ ನೀನು ಚಿಕ್ಕವಳು. ನನ್ನ ಮಗಳಿಗೆ ವರ್ಷ ತುಂಬಿದ ಕೂಡಲೇ ಮುಡಿ ಕೊಡಬೇಕಿತ್ತು. ಆ ವರ್ಷ ಪ್ಲೇಗು ಬಂದು ಊರಿಗೆ ಊರೇ ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿತು. ಮರುವರ್ಷ ಮಾವನವರು ಹೋದರು, ವರ್ಷ ಕಳೆಯುವ ತನಕ ದೇವರ ಕಾರ್ಯವಿಲ್ಲ ಎಂದರು. ಹೀಗೆ ಮೂರು ವರ್ಷ ಅವಳಿಗೆ ಮಡಿಲು, ಸೊಂಟ, ತೊಟ್ಟಿಲು ಇಷ್ಟೇ ಲೋಕ. ತೆವಳಲಿಲ್ಲ, ಅಂಬೆಗಾಲಿಡಲಿಲ್ಲ. ಬೇರೆ ಮನೆಗಳಲ್ಲಿ ಕೂಸು ಹೊಸ್ತಿಲು ದಾಟಿದರೆ ಸಿಹಿ ಹಂಚುತ್ತಾರೆ. ನಮ್ಮ ಮನೆಯಲ್ಲಿ ಹಂಚಲಿಲ್ಲ. ಆದರೂ ನಮಗೆ ಏನು ಜಂಬ ಅಂತೀಯ! ಪಕ್ಕದ ಮನೆಯ ಬಿಬಿ ಜಾನ್ ಬಂದು, "ನಿಮ್ ಕೂಸಿನ ಪಾದ ಬೆಣ್ಣೆ ಇದ್ದಂಗದೆ ಕಣಮ್ಮ" ಎಂದರೆ ಊಟ ಮಾಡಿದಷ್ಟು ತೃಪ್ತಿ.

ಈಗ ಅವಳಿಗೆ ಏಳು. ಗೋಡೆ ಹಿಡಿಯದೆ ನಡೆಯಲಾರಳು. ಹೊಸ್ತಿಲ ಮುಂದೆ ನಿಂತು ಬೆವರುತ್ತಾಳೆ. ಮದ್ದೂರಿನ ಹೊಳೆಯಲ್ಲಿ ಹರಿಗೋಲು ತೂಗಿದಾಗ ನೀನು ನನ್ನ ಸೀರೆ ಹಿಡಿದು ಕಿರುಚಿದ್ದು ನೆನಪಿದೆಯೇ? ನನ್ನ ಮಗಳು ಗಟ್ಟಿನೆಲದ ಮೇಲೆ ದಿನವಿಡೀ ಹಾಗಿರುತ್ತಾಳೆ. ಹತ್ತಿರ ಯಾರಾದರೂ ಓಡಿದರೆ ತಳ್ಳುತ್ತಾಳೆ, ಹಿಡಿದೆತ್ತಲು ಹೋದರೆ ಕಚ್ಚುತ್ತಾಳೆ. "ನಿಮ್ಮುಡುಗೀನ ಮನೇಲೆ ಮಡಿಕಳಿ ಕಣಮ್ಮ. ಪಕ್ಕದ ಮಕ್ಳು ಎದ್ರೆ ಸಾಕು, ತಳ್ಳೇ ಬುಡ್ತಾಳೆ" ಎಂದು ಸ್ಕೂಲಿನ ಮೇಷ್ಟ್ರು ವಾಪಸು ಕಳಿಸಿದರು. ಊರಿನವರು ಅವಳನ್ನು ಕಚ್ಚೋ ಪಟ್ಟಲಿ ಎನ್ನುತ್ತಾರೆ. ನಮ್ಮ ಯಜಮಾನರು ಮೊದಲು ಹೊಡೆಯುತ್ತಿದ್ದರು, ಈಗ ಅವಳ ಕಡೆ ನೋಡುವುದನ್ನೇ ಬಿಟ್ಟಿದ್ದಾರೆ. ಹೊಡೆತವೇ ವಾಸಿಯಿತ್ತು.

ಹೋದ ತಿಂಗಳು ಮಂಡ್ಯದಲ್ಲಿ ಲೇಡಿ ಡಾಕ್ಟರಿಗೆ ತೋರಿಸಿದೆ. "ಅಂಬೆಗಾಲಿಟ್ಟಿದ್ದು ಯಾವಾಗ?" ಎಂದು ಕೇಳಿದರು. "ಇಡಲೇ ಇಲ್ಲ ತಾಯಿ, ಮೂರು ವರ್ಷ ಪಾದಕ್ಕೆ ಧೂಳು ಸೋಕಿಸಿಲ್ಲ" ಎಂದೆ, ಅದೇ ಹಳೆಯ ಜಂಬದಲ್ಲಿ. ಆಕೆ ಪೆನ್ನು ಕೆಳಗಿಟ್ಟರು. "ಮಗು ಹೊರಳಿ, ತೆವಳಿ, ಬಿದ್ದು ಎದ್ದೇ ತನ್ನ ಕೈಕಾಲು ಎಲ್ಲಿವೆ ಅಂತ ಕಲಿಯೋದಮ್ಮ. ನಿಮ್ಮ ಮಗು ಹಟಮಾರಿಯಲ್ಲ. ಸದಾ ಬೀಳ್ತೀನಿ ಅನ್ನೋ ಭಯದಲ್ಲಿದ್ದರೆ ತಣ್ಣಗೆ ಹೇಗಿರುತ್ತೆ? ನನಗೆ ತೋಚಿದ್ದು ಇದು, ಬೇರೆ ಕಾರಣವೂ ಇರಬಹುದು" ಎಂದರು. ಸರಿಹೋಗುತ್ತದೆಯೇ ಎಂದು ಕೇಳಿದೆ. "ಅಲ್ಪಸ್ವಲ್ಪ" ಎಂದು ಹೇಳಿ ಮುಂದಿನವರನ್ನು ಕರೆದರು.

ನಮ್ಮತ್ತೆ ಇದನ್ನೆಲ್ಲ ಒಪ್ಪುವುದಿಲ್ಲ. "ಉಳುದ್ಲಲ್ಲ, ಅಮ್ಮ ಉಳುಸ್ಕೊಟ್ಲಲ್ಲ, ಅಷ್ಟು ಸಾಲ್ದಾ?" ಎನ್ನುತ್ತಾರೆ. ಹರಕೆಯಿಂದಲೇ ಬದುಕಿದಳೋ ಏನೋ. ಕೂಸನ್ನು ಕೆಳಗೆ ಬಿಡು ಎಂದು ಬರೆದು, ನಾಳೆ ಅದಕ್ಕೆ ಏನಾದರೂ ಆದರೆ, ನಿನ್ನ ಮುಖವನ್ನು ನಾನು ಹೇಗೆ ನೋಡಲಿ? ಬರೆಯದೆ ಸುಮ್ಮನಿದ್ದರೆ ಇನ್ನೊಂದು ಕೂಸು ಗೋಡೆ ಹಿಡಿದು ನಿಲ್ಲುತ್ತದೆ. ಅದಕ್ಕೇ ಒಂದು ಮಾತು ಕೇಳು. ವರ್ಷ ಕಾಯಬೇಡ. ಮೂರು ತಿಂಗಳಿಗೇ ಮುಡಿ ಕೊಟ್ಟುಬಿಡಿ. ಕೂದಲು ಗಿಡ್ಡವಾಯಿತೆಂದು ಅಮ್ಮ ಮುನಿಯುವುದಿಲ್ಲ. ಆಮೇಲೆ ಚಾಪೆ ಹಾಸಿ ಮಲಗಿಸು, ಹೊರಳಲಿ. ಬಿದ್ದು ಅತ್ತರೆ ಅಳಲಿ. ನಿನ್ನ ಕಾಲು ಹಿಡಿದು ಕೇಳುತ್ತೇನೆ, ಹಿರಿಯಳೆಂಬುದನ್ನೂ ಮರೆತು.

ನನ್ನ ಮಗಳ ಮಟ್ಟಿಗೆ ನನಗೆ ಯಾವ ಭರವಸೆಯೂ ಉಳಿದಿಲ್ಲ. ನಾನಿರುವ ತನಕ ಗೋಡೆಯಂತೆ ನಿಲ್ಲುತ್ತೇನೆ, ಆಮೇಲಿನದು ಯೋಚಿಸಲಾರೆ.

ಬಾಣಂತಿ ನೀನು, ತಲೆಗೆ ಬಟ್ಟೆ ಕಟ್ಟಿಕೋ, ತಣ್ಣೀರು ಮುಟ್ಟಬೇಡ. ಕೂಸು ನೂರು ವರ್ಷ ಬಾಳಲಿ, ಮನೆಯ ಹೊಸ್ತಿಲು ಸವೆಯುವ ಹಾಗೆ ದಾಟಾಡಲಿ.

ಇಂತಿ ನಿನ್ನ ಅಕ್ಕ,
ಶಿವನಂಜಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನ ಕಾಗದದ ಅಂಚಿನಲ್ಲಿ, "ನಾಮಕರಣಕ್ಕೆ ನೀವಿಬ್ಬರೂ ಬನ್ನಿ, ಪಟ್ಟಲಮ್ಮನನ್ನು ಅತ್ತೆಯ ಹತ್ತಿರ ಬಿಟ್ಟು ಬನ್ನಿ, ಕೂಸನ್ನು ಮುಟ್ಟಿಗಿಟ್ಟಾಳು" ಎಂದು ಬರೆದಿದ್ದೆ. ತಪ್ಪೆನ್ನುವುದಿಲ್ಲ, ನಾನಾದರೂ ಹಾಗೇ ಬರೆಯುತ್ತಿದ್ದೆ. ಇವರು ಅದನ್ನು ಗಟ್ಟಿಯಾಗಿ ಓದಿಬಿಟ್ಟರು, ಅವಳೂ ಅಲ್ಲೇ ಇದ್ದಳು. ಹೆರಿಗೆಯ ಸುದ್ದಿ ಬರುವ ಮೊದಲಿನಿಂದಲೂ ನನ್ನ ಮಗಳು ನಿನ್ನ ಕೂಸನ್ನು ಎತ್ತಿಕೊಳ್ಳಬೇಕೆಂದು ತಲೆದಿಂಬನ್ನು ಎದೆಗವಚಿ, ಗೋಡೆ ಬಿಟ್ಟು ನಡೆಯುವುದನ್ನು ಕಲಿಯುತ್ತಿದ್ದಳು. ಎರಡು ಹೆಜ್ಜೆ ಬರುತ್ತಿತ್ತು. ಅಂದು ದಿಂಬನ್ನು ಕೆಳಗಿಟ್ಟು ನನ್ನನ್ನು ಕೇಳಿದಳು: "ಕೂಸು ನೆಲ ಮುಟ್ಬಾರ್ದು ಅಂತೀರಿ. ನನ್ನೂ ಮುಟ್ಬಾರ್ದಾ ಅವ್ವ? ನಾನೂ ನೆಲಾನಾ?"