ಕ್ರೇನ್ ಹತ್ತುವ ಮೊದಲು ನುಂಗಿದ್ದು

ಮಾರ್ಚ್ 3, ಬೆಳಿಗ್ಗೆ 6.10
ಮತ್ತೆ ಸೂಜಿ, ಮತ್ತೆ ಬೆರಳು. ಶುಗರ್ 212. ಖಾಲಿ ಹೊಟ್ಟೆಯಲ್ಲೇ ಇಷ್ಟು! ಮುಂದಿನ ವಾರ ಕಂಪನಿಯ ಮೆಡಿಕಲ್. ಫೇಲಾದರೆ ಕ್ರೇನಿನಿಂದ ಇಳಿಸಿ ಗೋಡೌನಿನಲ್ಲಿ ಕೂರಿಸುತ್ತಾರೆ. ಇಪ್ಪತ್ತೆರಡು ವರ್ಷ ಎಲ್ಲರ ತಲೆಯ ಮೇಲೆ ಕೂತವನು, ಈಗ ನೆಲದಲ್ಲಿ ನಟ್ಟು ಬೋಲ್ಟು ಜೋಡಿಸಲೇ?

ಮಾರ್ಚ್ 4
ಡಾಕ್ಟರಮ್ಮ ಮಾತ್ರೆ ಬದಲಿಸಿದರು. "ನಿಮ್ಮ ಮೇದೋಜೀರಕ ಗ್ರಂಥಿ ಸೋಮಾರಿ ಆಗಿದೆ. ಈ ಮಾತ್ರೆ ಅದನ್ನ ಹಿಂಡಿ ಇನ್ಸುಲಿನ್ ಹೊರಡಿಸತ್ತೆ. ನೀವು ತಿಂದ್ರೋ ಬಿಟ್ರೋ ಅದು ಕೇಳಲ್ಲ. ದಿನಕ್ಕೆ ಒಂದೇ. ನುಂಗಿದ ಮೇಲೆ ತಿಂಡಿ ತಿನ್ಲೇಬೇಕು, ಇಲ್ಲಾಂದ್ರೆ ಶುಗರ್ ತೀರಾ ಇಳಿದುಬಿಡತ್ತೆ." ತಲೆಯಾಡಿಸಿದೆ. ಕ್ರೇನಿನ ವಿಷಯ ಬಾಯಿ ಬಿಡಲಿಲ್ಲ.

ಮಾರ್ಚ್ 6
168. ಸಾಲದು. ಇವತ್ತಿನಿಂದ ಎರಡು ಮಾತ್ರೆ, ತಿಂಡಿಗೆ ಕತ್ತರಿ. ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಹಾಗೆಯೇ ಮೇಲೆ ಹೋಗಿ ಹಾಗೆಯೇ ಇಳಿಯಿತು. ಕೂತಲ್ಲಿ ಕೂರಲಾಗುತ್ತಿಲ್ಲ.

ಮಾರ್ಚ್ 9, ಮಧ್ಯಾಹ್ನ
ಹನ್ನೊಂದಕ್ಕೆ ಕ್ಯಾಬಿನ್ನಿನಲ್ಲಿ ಬೆವರು, ಕಣ್ಣು ಮಂಜು... ಕೆಳಗೆ ಸಿಗ್ನಲ್ ಕೊಡುವವನು ಭಾವಮೈದ — ಹೆಂಡತಿಯ ಒಬ್ಬನೇ ತಮ್ಮ. ಕೆಲಸಕ್ಕೆ ಸೇರಿಸಿದವನೂ ನಾನೇ. ವಾಕಿಟಾಕಿಯಲ್ಲಿ ಬಲಕ್ಕೆ ಎಂದ. ನಾನು ಎಡಕ್ಕೆ ತಿರುಗಿಸಿದೆ. ಎರಡು ಟನ್ ಕಬ್ಬಿಣ ಅವನ ಹೆಲ್ಮೆಟ್ ಸವರಿಕೊಂಡು ಹೋಯಿತು.
"ಭಾವಾ! ನಿಲ್ಸಿ!"
ನಿಲ್ಲಿಸಿದೆ. ಡಬ್ಬಿಯಲ್ಲಿದ್ದುದನ್ನು ಗಬಗಬ ತಿಂದು, ತಲೆ ತಿಳಿಯಾದ ಮೇಲೆ ಇಳಿದೆ. ಅಷ್ಟರಲ್ಲಿ ಅವನೇ ಮ್ಯಾನೇಜರಿಗೆ, "ಗಾಳಿ ಜೋರಿತ್ತು ಸಾರ್," ಎಂದು ಸುಳ್ಳು ಹೇಳಿಬಿಟ್ಟಿದ್ದ. ಒಂದು ಎಲೆಯೂ ಅಲ್ಲಾಡದ ದಿನ. ನನ್ನ ಮೇಲೆ ನನಗೇ ಹೇಸಿಗೆ.

ಮಾರ್ಚ್ 11
ಮೆಡಿಕಲ್ ಆಯಿತು. 104. 'ಫಿಟ್' ಎಂದು ಠಸ್ಸೆ ಒತ್ತಿದರು. ನಿನ್ನೆ ರಜೆ ಹಾಕಿ ಮನೆಯಲ್ಲಿದ್ದೆ; ಅಷ್ಟಾದ ಮೇಲೂ ಮತ್ತೆ ಎರಡು ಮಾತ್ರೆ ನುಂಗಿದ್ದೆ, ನಾಚಿಕೆಗೆಟ್ಟವನು.
ಭಾವಮೈದನಿಗೆ ನನಗಿಂತ ಖುಷಿ. "ಅವತ್ತಿಂದು ಬಿಡಿ ಭಾವ, ಯಾರಿಗಾದ್ರೂ ಆಗತ್ತೆ. ನೀವ್ ಮೇಲಿದ್ರೆ ನಾನು ಕತ್ತೆತ್ತಿ ನೋಡೋದೂ ಇಲ್ಲ."
'ಫಿಟ್' ಕಾಗದವನ್ನು ಮಡಚಿ ಜೇಬಿಗೆ ತುರುಕಿದೆ.

ಮಾರ್ಚ್ 12, ಬೆಳಿಗ್ಗೆ 7.20
ಏಣಿ ಹತ್ತಲಿಲ್ಲ. ಮ್ಯಾನೇಜರ್ ಕೋಣೆಯ ಹೊರಗಿನ ಬೆಂಚು. ಮೂರು ಸಲ ಎದ್ದೆ, ಮೂರು ಸಲ ಕೂತೆ. ಹೆಂಡತಿಗೂ ಹೇಳಿಲ್ಲ — ಏನಂತ ಹೇಳುವುದು, ನಿನ್ನ ತಮ್ಮನನ್ನು ಕೊಂದೇಬಿಡುತ್ತಿದ್ದೆ ಅಂತಲೇ? ಕಿಟಕಿಯಾಚೆ ಅವನು ಕ್ರೇನಿನ ಬುಡದಲ್ಲಿ. ವಾಕಿಟಾಕಿ ಕರಕರ ಎನ್ನುತ್ತಿದೆ.
"ಭಾವ, ಎಲ್ಲಿದೀರಿ? ನಾನ್ ರೆಡಿ."
ಒಳಗಿನಿಂದಲೂ ಕರೆ ಬಂತು. ಮೊದಲು ಇವನಿಗೆ ಹೇಳಬೇಕು. ನಾನು ಹತ್ತಲ್ಲ ಕಣೋ, ಅವತ್ತಿಂದು ಯಾರಿಗಾದ್ರೂ ಆಗೋದಲ್ಲ, ನಾನೇ ಬೇಕಂತ ಎರಡು ಮಾತ್ರೆ ನುಂಗಿ ತಿಂಡಿ ಬಿಟ್ಟಿದ್ದೆ —